ಸಂತೆಹೊಂಡದ ಮಿಲ್ಟ್ರಿ ಅಮ್ಮನನ್ನು ಕಂಡವರು ಯಾರಾದರೂ ಇದ್ದೀರಾ?

ಜೋಗಿಮಟ್ಟಿ_ಗಾಳಿ (ಚರ್ಚೆ ಶುರು ಮಾಡಿದವರು):

ನಮ್ಮ ಅಜ್ಜಿ ಹೋದ ತಿಂಗಳು ತೀರಿಕೊಂಡಳು. ಚಿತ್ರದುರ್ಗದ ಸಂತೆಹೊಂಡದ ಕಡೆ ಹಳಬರು ಅವಳನ್ನು ಮಿಲ್ಟ್ರಿ ಅಮ್ಮ ಅಂತಲೇ ಕರೆಯುತ್ತಿದ್ದರು. ಮೊಮ್ಮಕ್ಕಳಾದ ನಮಗೆ ಬೋಜು, ಅವಳ ಭಾಷೆಯಲ್ಲಿ ಅಜ್ಜಿ ಅಂತ. ಪೇಪರಿನಲ್ಲಿ ಬಂದ ನಿಧನವಾರ್ತೆ ನಾಲ್ಕೇ ಸಾಲು. ದಿವಂಗತ ಹವಾಲ್ದಾರರ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಅಪಾರ ಬಂಧುಬಳಗ. ಮುಗಿಯಿತು. ಎಲ್ಲಿ ಹುಟ್ಟಿದಳು, ಇಲ್ಲಿಗೆ ಹೇಗೆ ಬಂದಳು, ಏನೇನು ಮಾಡಿದಳು ಅನ್ನೋದು ಒಂದೂ ಇಲ್ಲ.

ವರ್ಷದ ತಿಥಿಗೆ ಒಂದು ಸಣ್ಣ ಪುಸ್ತಕ ಮಾಡೋಣ ಅಂದುಕೊಂಡಿದ್ದೇವೆ. ಮನೆಯವರಿಗೆ, ನೆಂಟರಿಗೆ ಮಾತ್ರ. ಆ ಓಣಿಯಲ್ಲಿ ಇದ್ದವರು, ಓದಿದವರು, ಅಂಗಡಿ ಇಟ್ಟಿದ್ದವರು ಏನಾದರೂ ನೆನಪಿದ್ದರೆ ಇಲ್ಲಿ ಬರೆಯಿರಿ. ಒಂದೇ ವಿನಂತಿ. "ಸಹನಾಮೂರ್ತಿ", "ಮೃದುಭಾಷಿ" ಅಂತ ಬರೆಯಬೇಡಿ. ಅವಳ ಜೊತೆ ಒಂದು ಸಲ ಮಾತಾಡಿದವರಿಗೂ ಅದು ಸುಳ್ಳು ಅಂತ ಗೊತ್ತು.

ಹಳೆಮನೆ_ಕಟ್ಟೆ:

ತಾಯಿ, ನಿಮ್ಮ ಮನೆಯಿಂದ ಮೂರನೇ ಮನೆ ನಮ್ಮದು. ಈಗ ಅಲ್ಲಿ ಮೊಬೈಲ್ ಅಂಗಡಿ ಆಗಿದೆ. ನಾನು ಹುಟ್ಟುವ ಹೊತ್ತಿಗೆ ಮಿಲ್ಟ್ರಿ ಅಮ್ಮ ಬಂದು ಕೆಲವು ವರ್ಷ ಆಗಿತ್ತು. ಹಾಗಾಗಿ ಶುರುವಿನ ಸಂಗತಿ ಎಲ್ಲ ನಮ್ಮ ಅವ್ವ ಹೇಳಿದ್ದು.

ಚೀನಾ ಯುದ್ಧ ಮುಗಿದು ಜಾಸ್ತಿ ದಿನ ಆಗಿರಲಿಲ್ಲ. ಹವಾಲ್ದಾರರು, ಆಗ ಇನ್ನೂ ಸಾದಾ ಸಿಪಾಯಿ, ರಜೆಗೆ ಬಂದವರು ಜೊತೆಗೆ ಹೆಂಡತಿಯನ್ನೂ ಕರೆತಂದರು. ಮನೆಯವರಿಗೆ ಮೊದಲೇ ಒಂದು ಕಾಗದ ಬಂದಿತ್ತಂತೆ. ಆದರೆ ಅದರಲ್ಲಿ "ಮದುವೆ ಆಗಿದ್ದೇನೆ" ಅಂತ ಮಾತ್ರ ಇತ್ತು. ಯಾರನ್ನ, ಯಾವೂರೋಳನ್ನ ಅಂತ ಇರಲಿಲ್ಲ. ಚಿಕ್ಕ ಕಣ್ಣು, ಬೆಳ್ಳಗಿನ ಮುಖ, ಮೂಗಿಗೆ ದೊಡ್ಡ ಬಂಗಾರದ ಹೂವು. ಓಣಿಯ ತುಂಬ ಒಂದೇ ಸುದ್ದಿ, ಇವನು ಚೀನಾದೋಳನ್ನ ಕಟ್ಟಿಕೊಂಡು ಬಂದಿದ್ದಾನೆ ಅಂತ. ಹುಡುಗರು ಹಿಂದೆ ಹೋಗಿ ಆಗಿನ ಚೀನಾ ಪ್ರಧಾನಿಯ ಹೆಸರು ಹಿಡಿದು ಚೌ ಎನ್ ಲಾಯ್ ಅಂತ ಕೂಗುತ್ತಿದ್ದರಂತೆ. ಒಂದು ದಿನ ಆಕೆ ನೀರು ತರುವ ಕೊಡ ಕೆಳಗಿಟ್ಟು, ಒಬ್ಬ ಹುಡುಗನ ಕಿವಿ ಹಿಡಿದು, ಅವನ ಮನೆ ಯಾವುದು ಅಂತ ಅವನ ಕೈಲೇ ತೋರಿಸಿಕೊಂಡು ಹೋಗಿ, ಅವನ ಅಪ್ಪನ ಮುಂದೆ ನಿಲ್ಲಿಸಿದರು. ಕನ್ನಡ ಬರುತ್ತಿರಲಿಲ್ಲ. ಒಂದು ಮಾತೂ ಆಡದೆ ಕಿವಿ ಬಿಟ್ಟು ವಾಪಸ್ ಬಂದರಂತೆ. ಅಲ್ಲಿಂದ ಕೂಗೋದು ನಿಂತಿತು. ಎದುರಿಗೆ ಕೂಗೋದು ನಿಂತಿತು ಅನ್ನಬೇಕು.

ಇನ್ನೊಂದು ಮುದ್ದೆ ಕಥೆ. ಬೆಟ್ಟದ ಮೇಲಿನ ಹುಡುಗಿ, ಇವಳಿಗೇನು ಮುದ್ದೆ ಗೊತ್ತು ಅಂತ ನಿಮ್ಮ ಮುತ್ತಜ್ಜಿ ಪರೀಕ್ಷೆ ಮಾಡೋಕೆ ಅಂತಲೇ ಹಿಟ್ಟಿನ ಕೋಲು ಕೈಗೆ ಕೊಟ್ಟರಂತೆ. ಆಕೆ ಒಂದು ಗಂಟೂ ಇಲ್ಲದ ಹಾಗೆ ತಿರುವಿ ಇಟ್ಟರು. ಅವರ ಕಡೆಯೂ ರಾಗಿ ಬೆಳೀತಾರೆ, ಅದನ್ನೇ ಹಿಂಗೇ ಬೇಯಿಸಿ ಉಣ್ಣುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅತ್ತೆಗೆ ಖುಷಿ ಆಯಿತು ಅಂತ ಅಂದುಕೊಂಡರೆ ತಪ್ಪು. ಬೈಯೋಕೆ ಬೇರೆ ಏನಾದರೂ ಹುಡುಕಬೇಕಾಯಿತಲ್ಲ ಅಂತ ಸಿಟ್ಟು ಬಂದಿತ್ತಂತೆ.

ಬೆಣ್ಣೆದೋಸೆ_ದಾವಣಗೆರೆ:

ಅರೆ, ಇವರು ಟಿಬೆಟಿನವರು ಅಲ್ವಾ? ನಮ್ಮ ಅಮ್ಮನಿಗೆ ಗೆಳತಿ. ಹವಾಲ್ದಾರರು ರಿಟೈರ್ ಆದ ಮೇಲೆ ನಮ್ಮೂರಿನ ಒಂದು ಹತ್ತಿ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸಕ್ಕೆ ಇದ್ದರು. ಆಗ ಅವರು ಒಂದಷ್ಟು ಕಾಲ ದಾವಣಗೆರೆಯಲ್ಲೇ ಬಾಡಿಗೆ ಮನೆ ಮಾಡಿದ್ದರು. ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಟಿಬೆಟಿನವರು ಬರುತ್ತಾರಲ್ಲ, ಅವರ ಜೊತೆ ಅವರ ಭಾಷೆಯಲ್ಲೇ ಚೌಕಾಸಿ ಮಾಡುತ್ತಿದ್ದರು. ನಮ್ಮ ಮನೆಯವರಿಗೆಲ್ಲ ಅರ್ಧ ರೇಟಿಗೆ ಸ್ವೆಟರ್. ಮಾರುವ ಹೆಂಗಸು ಕೈ ಮುಗಿದು, "ಅಮ್ಮಾ, ನೀವು ಇನ್ನೊಂದು ಅಂಗಡಿಗೆ ಹೋಗಿ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮಾತು ಮಾತ್ರ ಕನ್ನಡದಲ್ಲೇ ಹೇಳಿದ್ದಳು!

ಜೋಗಿಮಟ್ಟಿ_ಗಾಳಿ:

ಟಿಬೆಟ್ ಅಲ್ಲ ಸರ್, ನೇಪಾಳ. ಪೂರ್ವ ನೇಪಾಳದ ಇಲಾಮ್. ಟಿಬೆಟಿನ ಮಾತು ಕಲಿತದ್ದು ಡಾರ್ಜಿಲಿಂಗ್ ಹತ್ತಿರದ ಕಾಲಿಂಪಾಂಗ್‌ನಲ್ಲಿ. ಗೊತ್ತಿರೋದನ್ನ ಹೇಳ್ತೀನಿ.

ಅವಳ ಅಪ್ಪ ಹೇಸರಗತ್ತೆ ಹೊಡೆಯುವವನು. ಆಗ ಕಾಲಿಂಪಾಂಗ್ ಅಂದರೆ ಉಣ್ಣೆ ವ್ಯಾಪಾರದ ದೊಡ್ಡ ಊರು. ಟಿಬೆಟಿನಿಂದ ಜೆಲೆಪ್ ಲಾ ಕಣಿವೆ ದಾಟಿ ಹೇಸರಗತ್ತೆಗಳ ಮೇಲೆ ಉಣ್ಣೆ ಬರುತ್ತಿತ್ತು, ಇಲ್ಲಿಂದ ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಹೋಗುತ್ತಿತ್ತು. ಆ ಕೆಲಸಕ್ಕೆ ಇಲಾಮ್‌ನಿಂದ ಸಂಸಾರ ಸಮೇತ ಬಂದರು. ಆಗ ಅಜ್ಜಿ ಚಿಕ್ಕ ಹುಡುಗಿ. ಮಿಷನ್ ಶಾಲೆಯಲ್ಲಿ ನಾಲ್ಕೈದು ಕ್ಲಾಸ್ ಓದಿದಳು. 1962ರಲ್ಲಿ ಯುದ್ಧ ಆಗಿ ಕಣಿವೆ ಮುಚ್ಚಿತು. ಅಪ್ಪನ ಕೆಲಸ ಹೋಯಿತು. ಅದೇ ಹೊತ್ತಿಗೆ ಗಡಿ ಕಡೆ ರಸ್ತೆ ಮಾಡೋಕೆ ಸೈನ್ಯದವರು ಬಂದರು. ಅವರಲ್ಲಿ ನಮ್ಮ ತಾತ ಒಬ್ಬ, ಡೋಜರ್ ಓಡಿಸುವವನು. ಹೇಸರಗತ್ತೆ ಹೋಗಿ ಡೋಜರ್ ಬಂತು, ಅಪ್ಪ ಹೋಗಿ ನೀನು ಬಂದೆ ಅಂತ ತಾತನನ್ನ ಯಾವಾಗಲೂ ರೇಗಿಸುತ್ತಿದ್ದಳು.

ಹಳೆಮನೆ ಸರ್, ಚೀನಾದೋಳು ಅಂತ ಕರೆದಿದ್ದರ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಇದನ್ನ ತಮಾಷೆಯಾಗಿ ಹೇಳಿಕೊಂಡು ನಗೋದು ರೂಢಿ. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಅವಳ ಓಣಿಯಲ್ಲಿ ಚೀನೀ ಮೂಲದ ಕುಟುಂಬಗಳು ಇದ್ದವು. ಚಪ್ಪಲಿ ಹೊಲಿಯುವವರು, ಊಟದ ಅಂಗಡಿಯವರು. ಯುದ್ಧ ಆದಾಗ ಅಸ್ಸಾಂ, ಡಾರ್ಜಿಲಿಂಗ್, ಕಾಲಿಂಪಾಂಗ್ ಕಡೆಯಿಂದ ಅಂಥವರನ್ನ ಪೊಲೀಸರು ಎಬ್ಬಿಸಿಕೊಂಡು ಹೋಗಿ ರಾಜಸ್ಥಾನದ ದೇವಲಿಯ ಕ್ಯಾಂಪಿನಲ್ಲಿ ಇಟ್ಟರು. ಸುಮಾರು 3,000 ಜನ. ಅದರಲ್ಲಿ ಅವಳ ಶಾಲೆಯ ಗೆಳತಿಯೂ ಒಬ್ಬಳು. ಮುಂದೆ ಏನಾದಳು ಅಂತ ಅಜ್ಜಿಗೆ ಕೊನೆಗೂ ಗೊತ್ತಾಗಲಿಲ್ಲ. ಇಲ್ಲಿ ಹುಡುಗರು ಹಾಗೆ ಕೂಗಿದಾಗ ಅವಳಿಗೆ ಅವಮಾನಕ್ಕಿಂತ ಭಯ ಜಾಸ್ತಿ ಆಗಿತ್ತು. ಯಾರಾದರೂ ಪೊಲೀಸರಿಗೆ ಹೇಳಿಬಿಟ್ಟರೆ? ಗಂಡ ರಜೆ ಮುಗಿಸಿ ವಾಪಸ್ ಹೋಗಿಯಾಗಿತ್ತು. ನಾನು ನೇಪಾಳದವಳು ಅಂತ ಹೇಳೋಕೂ ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ಪಯಣದ ಬಗ್ಗೆಯೂ ಹೇಳಿಬಿಡ್ತೀನಿ. ಆಗ ಫರಕ್ಕಾದಲ್ಲಿ ಸೇತುವೆ ಇರಲಿಲ್ಲ, ಗಂಗೆಯನ್ನ ಸ್ಟೀಮರ್‌ನಲ್ಲಿ ದಾಟಬೇಕಿತ್ತು. ಕಲ್ಕತ್ತಾ, ಮದ್ರಾಸ್, ಬೆಂಗಳೂರು, ಅಲ್ಲಿಂದ ಸಣ್ಣ ಗೇಜಿನ ಗಾಡಿಯಲ್ಲಿ ಚಿಕ್ಕಜಾಜೂರು, ಅಲ್ಲಿ ಇಳಿದು ದುರ್ಗದ ಗಾಡಿ. ಚಿಕ್ಕಜಾಜೂರಿನಲ್ಲಿ ಇಳಿದಾಗ ಸುತ್ತ ನೋಡಿ, "ಬೆಟ್ಟ ಎಲ್ಲಿ?" ಅಂತ ಕೇಳಿದ್ದಳಂತೆ. ನಮ್ಮೂರಲ್ಲೂ ಬೆಟ್ಟ ಇದೆ ಅಂತ ತಾತ ಹೇಳಿ ಕರೆತಂದಿದ್ದ. ದುರ್ಗದ ಕೋಟೆ ಬೆಟ್ಟ ತೋರಿಸಿದ ಮೇಲೆ ಎರಡು ದಿನ ಮಾತು ಬಿಟ್ಟಿದ್ದಳು. ಕಾಂಚನಜುಂಗಾ ನೋಡಿಕೊಂಡು ಬೆಳೆದವಳು ಪಾಪ.

ರಿಟೈರ್ಡ್_ತಂಬಿ:

ನಮಸ್ಕಾರ. ನಾನೂ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಇಂಜಿನಿಯರ್ ದಳದವನು. ನಮ್ಮ ರೆಜಿಮೆಂಟಿನವರಿಗೆ ತಂಬಿ ಅಂತ ಅಡ್ಡಹೆಸರು. ನಿಮ್ಮ ತಾತ ನನಗಿಂತ ತುಂಬ ಸೀನಿಯರ್. ಜೊತೆಗೆ ಕೆಲಸ ಮಾಡಿದವನಲ್ಲ, ಆದರೆ ರಜೆಯಲ್ಲಿ ಬಂದಾಗ ಅವರ ಮನೆಗೆ ಹೋಗಿ ಚಹಾ ಕುಡಿದಿದ್ದೇನೆ. ಭಾಬಿಯವರ ಚಹಾದಲ್ಲಿ ಒಂದೊಂದು ಸಲ ಉಪ್ಪು ಇರುತ್ತಿತ್ತು. ಸುಮ್ನೆ ಕುಡಿಯುತ್ತಿದ್ದೆವು.

ನಿಮ್ಮ ಪುಸ್ತಕಕ್ಕೆ ಬೇಕಾಗಬಹುದು ಅಂತ ಬರೀತಿದ್ದೇನೆ. ಸಿಪಾಯಿ ಹೆಂಡತಿ ಗಂಡನ ಜೊತೆ ಊರೂರು ಸುತ್ತುತ್ತಾಳೆ ಅಂತ ಜನ ಅಂದುಕೊಳ್ಳುತ್ತಾರೆ. ಅದು ಆಫೀಸರ್‌ಗಳಿಗೆ ಸ್ವಲ್ಪ ಮಟ್ಟಿಗೆ ಸರಿ. ನಮ್ಮಂಥವರಿಗೆ ಹಾಗಿರಲಿಲ್ಲ. ಫೀಲ್ಡ್ ಏರಿಯಾ ಅಂದರೆ ಸಂಸಾರ ಇಟ್ಟುಕೊಳ್ಳುವ ಹಾಗೇ ಇಲ್ಲ. ಪೀಸ್ ಸ್ಟೇಷನ್ನಿಗೆ ಬಂದರೂ ಕ್ವಾರ್ಟರ್ಸಿಗೆ ಸರದಿ. ಮನೆ ಸಿಗುವ ಹೊತ್ತಿಗೆ ಮತ್ತೆ ಫೀಲ್ಡಿಗೆ ಆರ್ಡರ್ ಬಂದಿರುತ್ತಿತ್ತು. ಡೋಜರ್ ಆಪರೇಟರ್ ಅಂದರಂತೂ ಕೇಳಲೇಬೇಡಿ, ರಸ್ತೆ ಎಲ್ಲಿಲ್ಲವೋ ಅಲ್ಲೇ ಅವನ ಕೆಲಸ. ಮದುವೆ ಆಗಿ ಇಪ್ಪತ್ತು ವರ್ಷ ಆದರೂ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ಲೆಕ್ಕ ಹಾಕಿದರೆ ಕಡಿಮೆಯೇ. ಬೇರೆಯವರ ಹೆಂಡತಿಯರು ಆಗ ತವರಿಗೆ ಹೋಗುತ್ತಿದ್ದರು. ನಿಮ್ಮ ಅಜ್ಜಿಗೆ ತವರು ಎಲ್ಲಿತ್ತು? ಗಂಡನ ಊರಿನಲ್ಲಿ, ಗಂಡ ಇಲ್ಲದೆ, ಅತ್ತೆ ಮನೆಯಲ್ಲಿ. ಅದು ಅವರ ಪೋಸ್ಟಿಂಗ್ ಅನ್ನಬೇಕು.

1967ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಂ ಗಡಿಯ ನಾಥೂ ಲಾ ಕಣಿವೆಯಲ್ಲಿ ಮುಳ್ಳುತಂತಿ ಬೇಲಿ ಹಾಕುವಾಗ ಚೀನಾದವರ ಜೊತೆ ಗುಂಡಿನ ಕಾಳಗ ಆಯಿತು. ಬೇಲಿ ಹಾಕುವ ಕೆಲಸ ಇಂಜಿನಿಯರ್‌ಗಳದ್ದು. ನಿಮ್ಮ ತಾತ ಅಲ್ಲಿ ಇದ್ದರಾ ಅಂತ ನಾನು ಕೇಳಿರಲಿಲ್ಲ, ಅವರೂ ಹೇಳುವ ಜಾತಿ ಅಲ್ಲ. ಆಮೇಲೆ 1971ರ ಡಿಸೆಂಬರ್, ಪಾಕಿಸ್ತಾನದ ಜೊತೆ ಯುದ್ಧ. ಶಕರ್‌ಗಢ ಕಡೆ ಬಸಂತರ್ ನದಿ ದಾಟಿಸುವಾಗ ಟ್ಯಾಂಕುಗಳಿಗೆ ದಾರಿ ಮಾಡೋಕೆ ನೆಲಬಾಂಬು ತೆಗೆದದ್ದು ನಮ್ಮ 9 ಇಂಜಿನಿಯರ್ ರೆಜಿಮೆಂಟ್. ಅರುಣ್ ಖೇತ್ರಪಾಲ್‌ಗೆ ಪರಮವೀರ ಚಕ್ರ ಬಂದ ಯುದ್ಧ ಅದೇ. ಆ ಟ್ಯಾಂಕುಗಳು ಹೋದ ದಾರಿ ತಂಬಿಗಳು ಮಾಡಿಕೊಟ್ಟದ್ದು ಅಂತ ಯಾರೂ ಜಾಸ್ತಿ ಹೇಳಲ್ಲ.

ಟೀಚರ್_ಕೋಟೆಮುಂದೆ:

ನಾನು ನಿವೃತ್ತ ಶಿಕ್ಷಕಿ. ಅವರ ಎರಡನೇ ಮಗ ನನ್ನ ಕ್ಲಾಸಿನಲ್ಲಿದ್ದ. ಹಿಂದಿ ಪಾಠಕ್ಕೆ ಮನೆಯಲ್ಲಿ ಅಮ್ಮನೇ ಹೇಳಿಕೊಡುತ್ತಿದ್ದರು. ಅವನು ಬರೆದ ಹಿಂದಿಯಲ್ಲಿ ನೇಪಾಳಿ ಸೇರಿಕೊಂಡಿರುತ್ತಿತ್ತು. ತಿದ್ದಿದರೆ ಮರುದಿನ ಅಮ್ಮ ಶಾಲೆಗೇ ಬಂದು, ನಿಮ್ಮ ಪುಸ್ತಕ ತಪ್ಪು ಅಂತ ವಾದ ಮಾಡಿದ್ದರು.

ನಾನು ಹೇಳಬೇಕು ಅಂದುಕೊಂಡದ್ದು ಕಾಗದಗಳ ಸಂಗತಿ. ನೇಪಾಳಿ ಬರೆಯೋದೂ ದೇವನಾಗರಿ ಲಿಪಿಯಲ್ಲೇ. ಆಗ ಓಣಿಯಲ್ಲಿ ಆ ಲಿಪಿ ಓದಬಲ್ಲ ಹೆಂಗಸು ಅವರೊಬ್ಬರೇ ಇರಬೇಕು. ಗಂಡ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಒಂದು ಕಾಗದ, ಹೆಂಡತಿಗೆ ಹಿಂದಿಯಲ್ಲಿ ಇನ್ನೊಂದು ಕಾಗದ ಬರೆಯುತ್ತಿದ್ದರು. ವಿಳಾಸದ ಜಾಗದಲ್ಲಿ ಊರ ಹೆಸರಿರದು, "99 ಎ.ಪಿ.ಓ" ಅಂತ ಸೈನ್ಯದ ಅಂಚೆ ಕಚೇರಿ ನಂಬರ್ ಮಾತ್ರ. ಅತ್ತೆಗೆ ಆ ಎರಡನೇ ಕಾಗದದಲ್ಲಿ ಏನಿದೆ ಅಂತ ಗೊತ್ತಾಗದು. ನನ್ನ ಹತ್ತಿರ ತಂದು, "ಇದರಲ್ಲಿ ದುಡ್ಡಿನ ಮಾತು ಇದೆಯಾ ನೋಡವ್ವ" ಅಂತ ಕೇಳಿದ್ದುಂಟು. ನಾನು ಓದಿದೆ. ದುಡ್ಡಿನ ಮಾತು ಇರಲಿಲ್ಲ. ಇಲ್ಲ ಅಂತ ಅಷ್ಟೇ ಹೇಳಿದೆ. ಉಳಿದದ್ದು ಹೇಳುವಂಥದ್ದಲ್ಲ.

ಸ್ವಲ್ಪ ವರ್ಷಕ್ಕೆ ಸುತ್ತಲ ಹಳ್ಳಿಗಳ ಮಿಲ್ಟ್ರಿ ಮನೆಗಳವರೆಲ್ಲ ಅವರನ್ನೇ ಹುಡುಕಿಕೊಂಡು ಬರೋಕೆ ಶುರುವಾಯಿತು. ಸಿಪಾಯಿಗಳ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪತ್ರ ಬರುತ್ತಿತ್ತು. ಗಂಡ ಸತ್ತ ಹೆಣ್ಣುಮಕ್ಕಳು ಆ ಪತ್ರ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಇವರು ಜಗಲಿ ಮೇಲೆ ಕೂತು ಓದಿ, ಇಂಗ್ಲಿಷ್ ಇದ್ದರೆ ನನ್ನನ್ನ ಕರೆಸಿ, ಏನು ಬೇಕು, ಯಾವ ಕಾಗದಕ್ಕೆ ಯಾರ ಸಹಿ, ಎಲ್ಲ ಹೇಳುತ್ತಿದ್ದರು. ಬಂದವರು ಅತ್ತರೆ ಬೈಯುತ್ತಿದ್ದರು. "ಅಳೋದು ಮನೇಲಿ. ಇಲ್ಲಿ ಸಹಿ ಹಾಕು" ಅಂತ. ಒಂದು ಹಳೇ ತಗಡಿನ ಟ್ರಂಕಿನಲ್ಲಿ ಯಾವ ಹಳ್ಳಿಯ ಯಾರ ಅರ್ಜಿ ಯಾವಾಗ ಹೋಯಿತು ಅಂತ ಬರೆದಿಟ್ಟುಕೊಂಡಿದ್ದರು. ಆ ಪುಸ್ತಕ ಇದ್ದರೆ ಹುಡುಕಮ್ಮ. ನಿಮ್ಮ ನಿಧನವಾರ್ತೆಯಲ್ಲಿ ಬರಬೇಕಿದ್ದದ್ದು ಅದು.

ಕಲ್ಲಿನಕೋಟೆ_ಅಭಿಮಾನಿ:

ಓದಿ ಮೈ ಜುಮ್ ಅಂತು. ಓಬವ್ವನೂ ಕಾವಲುಗಾರನ ಹೆಂಡತಿಯೇ ಅಲ್ವಾ? ಗಂಡ ಊಟಕ್ಕೆ ಕೂತಿದ್ದಾಗ ಒನಕೆ ಹಿಡಿದು ಕೋಟೆ ಕಾದವಳು. ಮಿಲ್ಟ್ರಿ ಅಮ್ಮನೂ ನಮ್ಮ ಆಧುನಿಕ ಓಬವ್ವ. ದುರ್ಗದ ಮಣ್ಣಿನ ಗುಣವೇ ಅಂಥದ್ದು. ಎಲ್ಲಿಂದಲೋ ಬಂದವರನ್ನೂ ನಮ್ಮವರಾಗಿ ಮಾಡಿಕೊಳ್ಳುತ್ತದೆ.

ಟೀಚರ್_ಕೋಟೆಮುಂದೆ:

ಓಬವ್ವನ ಬಗ್ಗೆ ನನಗೂ ಅಭಿಮಾನ ಇದೆ, ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಆದರೆ ದುರ್ಗದಲ್ಲಿ ಯಾವ ಹೆಂಗಸು ಸ್ವಲ್ಪ ಗಟ್ಟಿ ಮಾತಾಡಿದರೂ ಓಬವ್ವ ಅಂದುಬಿಡೋದು ನಮಗೆ ಚಾಳಿ ಆಗಿದೆ. ಇವರು ಯಾರನ್ನೂ ಒನಕೆಯಿಂದ ಹೊಡೆಯಲಿಲ್ಲ. ಅರ್ಜಿ ತುಂಬಿದರು. ಮತ್ತೆ, ಈ ಮಣ್ಣು ಅವರನ್ನ ನಮ್ಮವರಾಗಿ ಮಾಡಿಕೊಂಡಿತು ಅಂತೀರಲ್ಲ, ಹಳೆಮನೆಯವರು ಮೇಲೆ ಬರೆದದ್ದನ್ನ ಇನ್ನೊಂದು ಸಲ ಓದಿ ತಮ್ಮ.

ಹಳೆಮನೆ_ಕಟ್ಟೆ:

ಟೀಚರಮ್ಮ ಹೇಳಿದ್ದು ಸರಿ. ಆದರೆ ದಸರಾ ಸಂಗತಿ ಒಂದು ಬರೆಯಲೇಬೇಕು, ಅದರಲ್ಲಿ ಜಗಳ ಇಲ್ಲ.

ನಮ್ಮಲ್ಲಿ ವಿಜಯದಶಮಿ ದಿನ ಬನ್ನಿ ಕೊಟ್ಟು "ಬಂಗಾರದಂಗೆ ಇರೋಣ" ಅಂತೀವಿ. ಅವರಲ್ಲಿ ದಸೈನ್ ಅಂತ ಅದೇ ಹಬ್ಬ, ಅವರಿಗೆ ಎಲ್ಲಕ್ಕಿಂತ ದೊಡ್ಡದು. ಒಂಬತ್ತು ದಿನ ಮೊದಲೇ ಕತ್ತಲೆ ಮೂಲೆಯಲ್ಲಿ ಬಾರ್ಲಿ ಬಿತ್ತುತ್ತಾರೆ. ಇಲ್ಲಿ ಬಾರ್ಲಿ ಸಿಗದೆ ಇವರು ಗೋಧಿ, ಜೋಳ ಹಾಕುತ್ತಿದ್ದರು. ಕತ್ತಲಲ್ಲಿ ಬೆಳೆದ ಸಸಿ ಹಳದಿ ಬಣ್ಣಕ್ಕೆ ಇರುತ್ತದೆ. ದಶಮಿ ದಿನ ಅಕ್ಕಿ, ಮೊಸರು, ಕುಂಕುಮ ಕಲಸಿ ಹಣೆ ತುಂಬ ಮೆತ್ತಿ, ಆ ಸಸಿ ಕಿವಿಗೆ ಸಿಕ್ಕಿಸಿ ಹಿರಿಯರು ಆಶೀರ್ವಾದ ಮಾಡುತ್ತಾರೆ. ಶುರುವಿನಲ್ಲಿ ಅವರಿಗೆ ಟೀಕಾ ಇಡೋಕೆ ಇಲ್ಲಿ ಅವರ ಕಡೆ ಹಿರಿಯರು ಯಾರೂ ಇಲ್ಲ, ಇವರು ಇಡೋಕೆ ಕಿರಿಯರೂ ಇಲ್ಲ. ಹಾಗಾಗಿ ಓಣಿ ಹುಡುಗರಿಗೆಲ್ಲ ಮೆತ್ತುತ್ತಿದ್ದರು. ನಾವು ಒಂದು ಕೈಲಿ ಬನ್ನಿ, ಕಿವಿಯಲ್ಲಿ ಹಳದಿ ಸಸಿ ಇಟ್ಟುಕೊಂಡು ಮನೆ ಮನೆ ಸುತ್ತುತ್ತಿದ್ದೆವು. ಅಲ್ಲಿಗೆ ಹೋಗೋಕೆ ನಮಗೆ ಇದ್ದ ನಿಜವಾದ ಆಸೆ ಸೇಲ್ ರೋಟಿ. ಅಕ್ಕಿ ನೆನೆಸಿ ರುಬ್ಬಿ, ಸಕ್ಕರೆ ತುಪ್ಪ ಹಾಕಿ, ಕಾದ ಎಣ್ಣೆಯಲ್ಲಿ ಬಳೆ ಆಕಾರಕ್ಕೆ ಹುಯ್ದು ಕರಿಯೋದು.

ಬೆಣ್ಣೆದೋಸೆ_ದಾವಣಗೆರೆ:

ಸೇಲ್ ರೋಟಿ ನಮಗೂ ಕೊಟ್ಟಿದ್ದರು! ಆದರೆ ಆ ಒಣಗಿಸಿದ ಹುಳಿ ಸೊಪ್ಪು, ಹೆಸರು ಬರ್ತಿಲ್ಲ, ಅದರ ವಾಸನೆಗೆ ನಮ್ಮ ಬಾಡಿಗೆ ಮನೆ ಓನರ್ ಮೇಲಿಂದ ಇಳಿದು ಬಂದಿದ್ದರು.

ಜೋಗಿಮಟ್ಟಿ_ಗಾಳಿ:

ಗುಂದ್ರುಕ್. ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪು ಬಾಡಿಸಿ, ಮಡಕೆಯಲ್ಲಿ ಒತ್ತಿ ತುಂಬಿ, ಹುಳಿ ಬಂದ ಮೇಲೆ ಬಿಸಿಲಿಗೆ ಒಣಗಿಸೋದು. ದುರ್ಗದ ಬಿಸಿಲಲ್ಲಿ ಎರಡೇ ದಿನಕ್ಕೆ ಗರಿಗರಿ. ನಮ್ಮೂರಲ್ಲಿ ಇಷ್ಟು ಬೇಗ ಆಗ್ತಿರಲಿಲ್ಲ ಅಂತ ಈ ಊರಿನ ಬಗ್ಗೆ ಅವಳು ಆಡಿದ ಒಂದೇ ಒಂದು ಒಳ್ಳೆ ಮಾತು.

ರಾಗಿಯಿಂದ ಇನ್ನೊಂದನ್ನೂ ಮಾಡ್ತಾರೆ, ಕುಡಿಯೋದು. ಅದರ ಬಗ್ಗೆ ಯಾರೂ ಕೇಳಬೇಡಿ. ದೊಡ್ಡಪ್ಪ ಇದನ್ನ ಓದ್ತಾರೆ.

ಹೊಳಲ್ಕೆರೆ_ತೋಟ:

ಎಲ್ಲರೂ ಹೊಗಳುತ್ತಿದ್ದೀರಿ, ಒಳ್ಳೇದು. ನಾನು ಆ ಮನೆಯವನೇ. ಮಿಲ್ಟ್ರಿ ದೊಡ್ಡವ್ವ ನನಗೆ ದೊಡ್ಡಪ್ಪನ ಹೆಂಡತಿ. ನಿಜ ಹೇಳಬೇಕು ಅಂದರೆ ಮನೆಯಲ್ಲಿ ಅವಳ ಮಾತೇ ಮಾತು. ಅತ್ತೆ ಸತ್ತ ಮೇಲೆ ಬೀಗದ ಕೈ ಅವಳ ಸೊಂಟಕ್ಕೆ ಬಂತು, ಆಮೇಲೆ ಯಾರಿಗೂ ಸಿಗಲಿಲ್ಲ. ನಮ್ಮ ಮನೆಯ ಒಂಬತ್ತು ಮಕ್ಕಳಲ್ಲಿ ನಾಲ್ಕು ಅವಳವು, ಐದು ನಾವು ಮೈದುನರ ಮಕ್ಕಳು. ಎಲ್ಲರಿಗೂ ಒಂದೇ ತಟ್ಟೆ, ಒಂದೇ ಏಟು. ಯಾರು ಎಲ್ಲಿ ಓದಬೇಕು, ಯಾರಿಗೆ ಎಲ್ಲಿ ಹೆಣ್ಣು ತರಬೇಕು ಎಲ್ಲ ಅವಳೇ. ನನಗೆ ಮಿಲ್ಟ್ರಿ ಸೇರಬೇಕು ಅಂತ ಬಹಳ ಆಸೆ ಇತ್ತು. "ಈ ಮನೆಯಿಂದ ಒಬ್ಬ ಸಾಕು" ಅಂತ ಬಿಡಲಿಲ್ಲ.

ಹೊಲ ಭಾಗ ಆಗುವಾಗ ನಡೆದದ್ದನ್ನೂ ಬರೆಯಿರಿ. 1994ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತಾಯಿತು. ಆದರೆ ಆಗಲೇ ಮದುವೆ ಆಗಿದ್ದವರಿಗೆ ಇಲ್ಲ. ನನ್ನ ದೊಡ್ಡ ಅಕ್ಕನಿಗೆ ಮೊದಲೇ ಮದುವೆ ಆಗಿತ್ತು, ಚಿಕ್ಕವಳಿಗೆ ಆಗಿರಲಿಲ್ಲ. ಕಾನೂನು ಪ್ರಕಾರ ಒಬ್ಬಳಿಗೆ ಕೊಟ್ಟರೆ ಸಾಕಿತ್ತು. ದೊಡ್ಡವ್ವ ಕೇಳಲಿಲ್ಲ. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಬಿಡೋದಾದರೆ ನಾನು ಸಹಿ ಮಾಡಲ್ಲ ಅಂತ ಕೂತಳು. ದೊಡ್ಡಪ್ಪ ಬದುಕಿದ್ದ, ಅವನು ಅವಳ ಕಡೆಗೇ ತಲೆ ಆಡಿಸಿದ. ಕೊನೆಗೆ ಇಬ್ಬರಿಗೂ ಸಮಪಾಲು. ನಮಗೆ ಬಂದದ್ದು ಅಷ್ಟು ಕಡಿಮೆ ಆಯಿತು. ಹೊರಗಿನಿಂದ ಬಂದವಳಿಗೆ ನಮ್ಮ ಮನೆತನದ ಆಸ್ತಿ ಬಗ್ಗೆ ಏನು ಕಾಳಜಿ ಅಂತ ನಮ್ಮಪ್ಪ ಸಾಯುವ ತನಕ ಹೇಳುತ್ತಿದ್ದರು. ನಾನು ಹಾಗೆ ಹೇಳಲ್ಲ. ಆದರೆ ನೋವು ಇತ್ತು ಅನ್ನೋದೂ ಪುಸ್ತಕದಲ್ಲಿ ಬರಲಿ.

ಜೋಗಿಮಟ್ಟಿ_ಗಾಳಿ:

ಬರುತ್ತದೆ ಚಿಕ್ಕಪ್ಪ. ನೀವು ಬರೆದ ಹಾಗೇ ಹಾಕ್ತೀನಿ. ನಿಮ್ಮ ಅಕ್ಕ ಆ ಹೊಲ ಅಡ ಇಟ್ಟು ಮಗಳನ್ನ ಓದಿಸಿದ್ದನ್ನೂ ಪಕ್ಕದಲ್ಲೇ ಹಾಕ್ತೀನಿ.

1968ರಲ್ಲಿ ಆದದ್ದು ಇಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಕ್ಟೋಬರ್‌ನಲ್ಲಿ ತೀಸ್ತಾ ನದಿಗೆ ದೊಡ್ಡ ನೆರೆ ಬಂದು ಕಾಲಿಂಪಾಂಗ್ ರಸ್ತೆಯ ಆಂಡರ್ಸನ್ ಸೇತುವೆಯೇ ಕೊಚ್ಚಿಹೋಯಿತು. ಬೆಟ್ಟ ಕುಸಿದು ತುಂಬ ಜನ ಸತ್ತರು. ಅಲ್ಲಿಂದ ತವರಿನ ಕಾಗದ ನಿಂತಿತು. ದುರ್ಗದಲ್ಲಿ ಆ ಸುದ್ದಿ ಹೇಳೋಕೆ ಯಾರಿದ್ದರು? ತಾತ ಕಾಗದದಲ್ಲಿ ಬರೆದ ಮೇಲೆ ತಿಳಿದದ್ದು. ತುಂಬ ದಿನ ಆದ ಮೇಲೆ ಅಣ್ಣನಿಂದ ಒಂದು ಪತ್ರ ಬಂತು. ಅಪ್ಪ ಇಲ್ಲ, ಮನೆ ಇದ್ದ ಇಳಿಜಾರೇ ಇಲ್ಲ. ಪತ್ರದ ಜೊತೆ ಅಪ್ಪನ ಒಂದು ಸಣ್ಣ ನೋಟ್‌ಬುಕ್ ಕಳಿಸಿದ್ದ. ಹೇಸರಗತ್ತೆ ಬಾಡಿಗೆ ಲೆಕ್ಕ, ನಡುವೆ ಮಕ್ಕಳು ಹುಟ್ಟಿದ ದಿನ.

ಆ ನೋಟ್‌ಬುಕ್ಕಿನ ಕಥೆ ಸ್ವಲ್ಪ ಉದ್ದ. ತಾತ ತೀರಿಕೊಂಡ ಮೇಲೆ ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬಂತು. 80 ದಾಟಿದ ಮೇಲೆ ಅದಕ್ಕೆ ಜಾಸ್ತಿ ಸೇರಿಸಿ ಕೊಡುತ್ತಾರೆ. ಆದರೆ ತಾತನ ಕಾಗದಗಳಲ್ಲಿ ಅಜ್ಜಿಯ ಹುಟ್ಟಿದ ದಿನವೇ ಇಲ್ಲ, ಹೆಸರು ಮಾತ್ರ. ಆಧಾರ್ ಮಾಡಿಸುವಾಗ ಯಾರೋ ಅಂದಾಜಿಗೆ 1945ರ ಜನವರಿ 1 ಅಂತ ಹಾಕಿದ್ದರು. ಅಜ್ಜಿ ನೋಟ್‌ಬುಕ್ ಹಿಡಿದುಕೊಂಡು ಹೋದಳು. ಅದರಲ್ಲಿ ಅವಳಪ್ಪ ಬರೆದದ್ದು 1995 ಸಾಲ, ದಸೈನ್. ಅದು ನೇಪಾಳದ ವಿಕ್ರಮ ಸಂವತ್ ಲೆಕ್ಕ. ನಮ್ಮ ಲೆಕ್ಕಕ್ಕೆ 57 ಕಳೆಯಬೇಕು, ಅಂದರೆ 1938ರ ಅಕ್ಟೋಬರ್. ಕೌಂಟರಿನ ಹುಡುಗ 1995 ನೋಡಿ, "ಅಜ್ಜಿ, ಹಂಗಾದ್ರೆ ನೀವು ನನಗಿಂತ ಚಿಕ್ಕೋರು" ಅಂದ.

ಸಾಕ್ಷಿ ಏನು ಕಡಿಮೆ ಇರಲಿಲ್ಲ. 1934ರ ಜನವರಿಯಲ್ಲಿ ನೇಪಾಳ, ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಅವರ ಲೆಕ್ಕದಲ್ಲಿ ಅದು 1990ನೇ ಸಾಲ. ಅಣ್ಣ ಭೂಕಂಪದ ವರ್ಷದವನು, ಇವಳು ಅವನಿಗಿಂತ ಐದು ವರ್ಷಕ್ಕೆ ಚಿಕ್ಕವಳು. ನಮ್ಮ ಮುತ್ತಜ್ಜಿಯೂ ಸೊಸೆ ಬಹುಧಾನ್ಯ ಸಂವತ್ಸರದವಳು ಅಂತ ಲೆಕ್ಕ ಹಾಕಿಟ್ಟಿದ್ದಳಂತೆ. ಅದೂ 1938ಕ್ಕೇ ಸರಿಹೋಗುತ್ತದೆ. ಜಗಳ ಆಡಿದರೂ ಅತ್ತೆ ಸೊಸೆ ಇದೊಂದರಲ್ಲಿ ಒಂದೇ ಮಾತು. ಆಫೀಸಿಗೆ ಯಾವುದೂ ನಡೆಯಲಿಲ್ಲ. ಅಜ್ಜಿ ಹೇಳಿದ್ದು: "ನಿಮ್ಮ ಕಾಗದದಲ್ಲಿ ಆರು ವರ್ಷ ಚಿಕ್ಕವಳಾದರೆ ಸಂತೋಷ. ನನ್ನ ಮಂಡಿಗೂ ಒಂದು ಆರ್ಡರ್ ಕಳಿಸಿ."

ಕೊನೆಗೆ ಆಧಾರ್ ಪ್ರಕಾರವೇ 2025ರ ಜನವರಿಯಿಂದ ಲೆಕ್ಕ ಹಾಕಿದರು. ಕೆಲವೇ ತಿಂಗಳು ತಗೊಂಡಳು. ಊರಿನವರ ಅರ್ಜಿಯೆಲ್ಲ ತುಂಬಿದವಳು ಅಂತ ಟೀಚರಮ್ಮ ಬರೆದಾಗ ನನಗೆ ಇದೇ ನೆನಪಾದದ್ದು. ಟ್ರಂಕಿನಲ್ಲಿದ್ದ ಅರ್ಜಿ ಪುಸ್ತಕ ಸಿಕ್ಕಿದೆ ಮೇಡಂ. ಅರ್ಧ ನೇಪಾಳಿ, ಅರ್ಧ ಕನ್ನಡ. ಕೊನೆಯ ಪುಟಗಳಲ್ಲಿ ಕನ್ನಡವೇ ಜಾಸ್ತಿ, ಕಾಗುಣಿತ ಮಾತ್ರ ದೇವರೇ ಗತಿ.

ರಿಟೈರ್ಡ್_ತಂಬಿ:

ಇದು ಬಹಳ ಮನೆಗಳ ಕಥೆ. ಆಗ ಮದುವೆ ಆದರೆ ಯೂನಿಟ್‌ನಲ್ಲಿ ಪಾರ್ಟ್ ಟೂ ಆರ್ಡರ್ ಅಂತ ಹೊರಡಿಸಿ ಹೆಂಡತಿ ಹೆಸರು ಸೇರಿಸುತ್ತಿದ್ದರು. ಹುಟ್ಟಿದ ದಿನ ಯಾರು ಕೇಳುತ್ತಿದ್ದರು? ಎಷ್ಟೋ ಹಳೇ ಪಿಪಿಒಗಳಲ್ಲಿ, ಅಂದರೆ ಪೆನ್ಷನ್ ಆದೇಶದ ಕಾಗದಗಳಲ್ಲಿ, ಹೆಂಡತಿಯ ಹೆಸರು ಬಿಟ್ಟರೆ ಬೇರೆ ಏನೂ ಇರಲ್ಲ.

ಓದುವವರಲ್ಲಿ ಯಾರಾದರೂ ಇದ್ದರೆ ಗೊತ್ತಿರಲಿ. 80 ತುಂಬಿದರೆ ಮೂಲ ಪೆನ್ಷನ್‌ನ ಮೇಲೆ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಇನ್ನೊಂದು ಪೂರ್ತಿ ಪೆನ್ಷನ್. ಇದು ಫ್ಯಾಮಿಲಿ ಪೆನ್ಷನ್ನಿಗೂ ಅನ್ವಯ. ನಿಮ್ಮ ಅಜ್ಜಿಗೆ ನಿಜವಾದ ವಯಸ್ಸಿಗೆ 2018ರಲ್ಲೇ ಶುರುವಾಗಿ, 2023ರಲ್ಲಿ ಶೇ. 30 ಆಗಬೇಕಿತ್ತು. ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ವಾಣಿವಿಲಾಸ_ನೀರು:

ಸರ್, ಮಧ್ಯೆ ಬಂದದ್ದಕ್ಕೆ ಬೇಜಾರಾಗಬೇಡಿ. ನಾನು ಹಿರಿಯೂರು ಕಡೆಯವಳು. ನಮ್ಮ ತಂದೆಯೂ ಮಿಲ್ಟ್ರಿ, ತೀರಿಕೊಂಡಿದ್ದಾರೆ. ನಮ್ಮ ತಾಯಿ ಆಧಾರ್‌ನಲ್ಲೂ ಜನವರಿ 1 ಅಂತಲೇ ಇದೆ. ಈಗ 76 ಅಂತ ತೋರಿಸುತ್ತದೆ, ನಿಜವಾಗಿ 80ರ ಹತ್ತಿರ. ಅವರಿಗೆ ಶಾಲೆ ಸರ್ಟಿಫಿಕೇಟ್ ಇದೆ, ಮಿಡಲ್ ಸ್ಕೂಲಿನದು. ಈಗಲೇ ಏನಾದರೂ ಮಾಡಬಹುದಾ, ಇಲ್ಲ 80 ಆಗುವ ತನಕ ಕಾಯಬೇಕಾ?

ರಿಟೈರ್ಡ್_ತಂಬಿ:

ಕಾಯಲೇಬೇಡಿ ತಂಗಿ. ಮೊದಲು ತಂದೆಯವರ ಡಿಸ್ಚಾರ್ಜ್ ಬುಕ್, ಪಿಪಿಒ ತೆಗೆದು ತಾಯಿಯ ಹುಟ್ಟಿದ ದಿನ ಇದೆಯಾ ನೋಡಿ. ಇಲ್ಲದಿದ್ದರೆ ಶಾಲೆ ಸರ್ಟಿಫಿಕೇಟ್ ಪ್ರತಿ ಇಟ್ಟು ತಂದೆಯವರ ರೆಕಾರ್ಡ್ ಆಫೀಸಿಗೆ ಬರೆಯಿರಿ. ಅವರು ಒಪ್ಪಿದರೆ ತಿದ್ದುಪಡಿ ಪಿಪಿಒ ಬರುತ್ತದೆ. ಆಧಾರ್ ಕೂಡ ಸರಿ ಮಾಡಿಸಿ. ಒಂದು ಕಡೆ ಒಂದು ದಿನ, ಇನ್ನೊಂದು ಕಡೆ ಇನ್ನೊಂದು ಇದ್ದರೆ ಮಿಲ್ಟ್ರಿ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಚೀಟಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡೋದು ಮರೆಯಬೇಡಿ. ಬೆರಳು ಸವೆದು ಯಂತ್ರ ಹಿಡಿಯದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಆಗುತ್ತದೆ.

ವಾಣಿವಿಲಾಸ_ನೀರು:

ಪಿಪಿಒ ಸಿಕ್ಕಿತು ಸರ್. ತಾಯಿ ಹೆಸರೇ ಅರ್ಧ ತಪ್ಪಾಗಿದೆ. ಫೋಟೋ ಹಾಕಲಾ?

ರಿಟೈರ್ಡ್_ತಂಬಿ:

ಇಲ್ಲಿ ಹಾಕಬೇಡಿ, ಅದರಲ್ಲಿ ನಂಬರ್ ಎಲ್ಲ ಇರುತ್ತದೆ. ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಹೆಸರು ತಪ್ಪಿದ್ದರೆ ಅದಕ್ಕೆ ಅಫಿಡವಿಟ್ ಬೇಕಾಗುತ್ತದೆ. ಎರಡನ್ನೂ ಒಂದೇ ಪತ್ರದಲ್ಲಿ ಬರೆಯೋಣ.

ಜೋಗಿಮಟ್ಟಿ_ಗಾಳಿ:

ಅಕ್ಕ, ಅಜ್ಜಿ ಪುಸ್ತಕದಲ್ಲಿ ಹಿರಿಯೂರು ಕಡೆಯ ಎರಡು ಮೂರು ಅರ್ಜಿಗಳೂ ಇವೆ. ಒಂದರ ಪಕ್ಕದಲ್ಲಿ "ಹೆಸರು ತಪ್ಪು, ಮೂರು ಸಲ ಬರೆದೆ" ಅಂತ ಇದೆ. ಊರಿನ ಹೆಸರು ಕಳಿಸಿ, ನಿಮ್ಮ ಮನೆಯದ್ದೇನಾ ಅಂತ ನೋಡಿ ಹೇಳ್ತೀನಿ.